ದಾರಿ ಬಾಗಿದ ವಾಯುನೆಲೆ

ಕೇಳುಗರಿಗೆ ನಮಸ್ಕಾರ.

ಈ ಮಾತು ಮುಗಿದ ಮೇಲೆ ಪುರುಸೊತ್ತಿದ್ದರೆ ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆರೆಯಿರಿ. ಜಪಾನಿನ ಟೋಕಿಯೋ ಹುಡುಕಿ, ಅಲ್ಲಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರು ಬೆರಳು ಸರಿಸಿ. ಕಸುಮಿಗಾಉರಾ ಎಂಬ ದೊಡ್ಡ ಸರೋವರ ಕಾಣುತ್ತದೆ. ಅದನ್ನು ದಾಟಿ ಕೊಂಚ ಮೇಲಕ್ಕೆ ಹೋದರೆ ಹೊಲಗಳ ನಡುವೆ ಎರಡು ರನ್‌ವೇಗಳು, ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ, ಅಕ್ಕಪಕ್ಕ. ಅವುಗಳ ಬದಿಯಲ್ಲೇ ವಿಮಾನಗಳು ನಿಧಾನವಾಗಿ ಉರುಳಿಕೊಂಡು ಹೋಗುವ ದಾರಿ ಇದೆ, ಟ್ಯಾಕ್ಸಿವೇ ಅನ್ನುತ್ತಾರಲ್ಲ, ಅದು. ಈ ದಾರಿಯೂ ನೆಟ್ಟಗೇ ಬರುತ್ತದೆ. ಬರುತ್ತ ಬರುತ್ತ ಒಂದು ಕಡೆ ಮೊಣಕೈ ಮಡಿಸಿದ ಹಾಗೆ ಬಾಗಿ, ಏನನ್ನೋ ಬಳಸಿಕೊಂಡು ಮುಂದೆ ಹೋಗುತ್ತದೆ.

ಅಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ. ಇರುವುದು ಒಂದು ತುಂಡು ನೆಲ, ಒಂದಿಷ್ಟು ಮರ, ಒಂದು ಪುಟ್ಟ ಗುಡಿ. ಜಪಾನಿನ ರಾಜಧಾನಿಯನ್ನು ಕಾಯುವ ಯುದ್ಧವಿಮಾನಗಳು ಅರ್ಧ ಶತಮಾನದಿಂದ ಆ ತುಂಡು ನೆಲಕ್ಕೆ ಸುತ್ತು ಹಾಕಿ ಹೋಗುತ್ತಿವೆ.

ಈ ವಾಯುನೆಲೆಯ ಹೆಸರು ಹ್ಯಾಕುರಿ. ಇಬರಾಕಿ ಪ್ರಾಂತ್ಯದ ಒಮಿತಾಮಾ ಎಂಬ ಊರಿನಲ್ಲಿದೆ. 'ಹ್ಯಾಕು' ಎಂದರೆ ನೂರು, 'ರಿ' ಎಂಬುದು ನಮ್ಮ ಹರದಾರಿಯಂಥ ಹಳೆಯ ಅಳತೆ. ನೂರು ಹರದಾರಿಯ ಬಯಲು ಎಂದಿಟ್ಟುಕೊಳ್ಳೋಣ. ಟೋಕಿಯೋ ಸುತ್ತಲಿನ ಕಾಂತೋ ಪ್ರದೇಶದಲ್ಲಿ ಜಪಾನಿನ ಯುದ್ಧವಿಮಾನಗಳು ಕಾಯಂ ಆಗಿ ಬೀಡುಬಿಟ್ಟಿರುವ ನೆಲೆ ಇದೊಂದೇ.

ಮೊದಲು ಇಲ್ಲಿಗೆ ವಿಮಾನ ತಂದದ್ದು ಹಳೆಯ ಸಾಮ್ರಾಜ್ಯದ ನೌಕಾಪಡೆ. ಪಕ್ಕದ ಕಸುಮಿಗಾಉರಾದಲ್ಲಿ ಅದರ ದೊಡ್ಡ ವೈಮಾನಿಕ ಶಾಲೆಯಿತ್ತು. 1930ರ ದಶಕದ ಕೊನೆಗೆ ಹ್ಯಾಕುರಿಯ ಬಯಲಿನಲ್ಲೂ ತರಬೇತಿ ಶುರುವಾಯಿತು. ಮೀಸೆ ಸರಿಯಾಗಿ ಮೂಡದ ಹುಡುಗರು ಇಲ್ಲಿ ಬಾಂಬರ್ ಹಾರಿಸುವುದನ್ನು ಕಲಿತರು. 1945ರ ವಸಂತದಲ್ಲಿ, ಯುದ್ಧ ಸೋಲಿನ ಅಂಚಿಗೆ ಬಂದಾಗ, ಕಲಿಸುವವರನ್ನೂ ಕಲಿಯುವವರನ್ನೂ ಸೇರಿಸಿ ಇಲ್ಲಿಂದ ಆತ್ಮಾಹುತಿ ತುಕಡಿಗಳನ್ನು ಕಟ್ಟಿ ದಕ್ಷಿಣದ ಕ್ಯೂಷು ದ್ವೀಪಕ್ಕೆ ಕಳಿಸಿದರು. ಅಲ್ಲಿಂದ ಓಕಿನಾವಾ ಸಮುದ್ರದ ಕಡೆಗೆ ಹಾರಿದರೆ ತಿರುಗಿ ಬರುವ ಮಾತಿಲ್ಲ.

ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ದೇಶದಲ್ಲಿ ಅನ್ನಕ್ಕೆ ಹಾಹಾಕಾರ. ಮಂಚೂರಿಯಾದಿಂದ ಬರಿಗೈಯಲ್ಲಿ ಬಂದವರು, ಪಡೆಯಿಂದ ಬಿಡುಗಡೆಯಾದವರು, ನೆಲವಿಲ್ಲದವರು, ಇಂಥವರಿಗೆಲ್ಲ ಪಾಳುಬಿದ್ದ ಸೇನಾ ಜಮೀನುಗಳನ್ನು ಸರ್ಕಾರ ಸಾಗುವಳಿಗೆ ಹಂಚಿತು. ಹ್ಯಾಕುರಿಯ ಬಯಲಿಗೂ ಹಾಗೆಯೇ ಜನ ಬಂದರು. ವಿಮಾನದ ಗಾಲಿ ಓಡಿ ಗಟ್ಟಿಯಾದ ಮಣ್ಣನ್ನು ಸನಿಕೆಯಲ್ಲಿ ಅಗೆಯುವುದೆಂದರೆ ಏನು ಎಂಬುದು ಬಂಜರು ಕಡಿದು ಹೊಲ ಮಾಡಿದ ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಹತ್ತು ವರ್ಷದಲ್ಲಿ ಅದು ಹೊಲವಾಯಿತು.

ಹೊಲವಾದ ಮೇಲೆ ಸರ್ಕಾರ ಮತ್ತೆ ಬಂತು. ಬಂದದ್ದು ಅದೇ ನೆಲವನ್ನು ಕೇಳುವುದಕ್ಕೆ.

1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನದಲ್ಲಿ ಒಂಬತ್ತನೆಯ ಕಲಮು ಎಂಬುದೊಂದಿದೆ. ಯುದ್ಧ ಮಾಡುವ ಹಕ್ಕನ್ನು ನಾವು ಬಿಟ್ಟುಕೊಟ್ಟಿದ್ದೇವೆ, ಭೂಸೇನೆ, ನೌಕಾಸೇನೆ, ವಾಯುಸೇನೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಮುಂದೆ ಕೊರಿಯಾ ಯುದ್ಧ, ಅಮೆರಿಕ–ಸೋವಿಯತ್ ಜಿದ್ದಾಜಿದ್ದಿ. 1954ರಲ್ಲಿ ಆತ್ಮರಕ್ಷಣಾ ಪಡೆಗಳು ಹುಟ್ಟಿಕೊಂಡವು. ಸೇನೆ ಎನ್ನುವಂತಿಲ್ಲ, ಆದರೆ ಯುದ್ಧವಿಮಾನ ಬೇಕು. ವಿಮಾನ ಬಂದರೆ ನೆಲ ಬೇಕು. 1956ರಲ್ಲಿ ಹ್ಯಾಕುರಿಯ ಮೇಲೆ ಕಣ್ಣು ಬಿತ್ತು.

ಆಗ ಒಮಿತಾಮಾ ಎಂಬ ಊರು ಇರಲಿಲ್ಲ, ಒಗಾವಾ ಎಂಬ ಸಣ್ಣ ಪಟ್ಟಣವಿತ್ತು. ಊರು ಎರಡು ಹೋಳಾಯಿತು. ನೆಲೆ ಬಂದರೆ ರಸ್ತೆ ಬರುತ್ತದೆ, ಹಣ ಬರುತ್ತದೆ ಎನ್ನುವವರು ಒಂದು ಕಡೆ. ಬೆವರು ಸುರಿಸಿ ಮಾಡಿದ ಹೊಲ ಕೊಡುವುದಿಲ್ಲ ಎನ್ನುವವರು ಇನ್ನೊಂದು ಕಡೆ. 1957ರಲ್ಲಿ ಪಟ್ಟಣದ ಮುಖ್ಯಸ್ಥರ ಸ್ಥಾನಕ್ಕೆ ಚುನಾವಣೆ ನಡೆದಾಗ ನೆಲೆ ಬೇಡ ಎಂದು ನಿಂತು ಗೆದ್ದವರು ಒಬ್ಬ ಹೆಂಗಸು. ಯಾಮಾನಿಶಿ ಕಿಯೋ ಎಂದು ಅವರ ಹೆಸರು. ಜಪಾನಿನ ಹೆಂಗಸರಿಗೆ ಮತದ ಹಕ್ಕು ಬಂದು ಆಗಿನ್ನೂ ಹನ್ನೆರಡು ವರ್ಷವೂ ತುಂಬಿರಲಿಲ್ಲ, ಅದನ್ನು ನೆನಪಿಡಿ. ರಕ್ಷಣಾ ಇಲಾಖೆಯ ಎದುರು ಪುರಸಭೆಯ ಗಾತ್ರದ ಕಚೇರಿಯೊಂದು ತೊಡೆತಟ್ಟಿ ನಿಂತ ಪ್ರಸಂಗ ಇದು.

ಗೆಲ್ಲಲಿಲ್ಲ. ಆದರೆ ಪೂರ್ತಿ ಸೋಲಲೂ ಇಲ್ಲ. ವಿರೋಧಿಗಳು ಒಂದು ಉಪಾಯ ಮಾಡಿದರು. ನೆಲೆ ಬರುವ ಜಾಗದ ನಡುವೆ ಇದ್ದ ಜಮೀನನ್ನು ತಾವೇ ಇಟ್ಟುಕೊಂಡು, ಚೂರು ಚೂರು ಪಾಲು ಮಾಡಿ, ದೇಶದ ಬೇರೆ ಬೇರೆ ಕಡೆಯ ಬೆಂಬಲಿಗರನ್ನು ಒಡೆಯರನ್ನಾಗಿ ಮಾಡಿದರು. ಜಪಾನಿನಲ್ಲಿ ನೆಲ ಅಳೆಯುವ ಸಣ್ಣ ಮಾನ 'ತ್ಸುಬೊ', ಎರಡು ಚಾಪೆ ಹಾಸುವಷ್ಟು ಜಾಗ. ಒಬ್ಬೊಬ್ಬರಿಗೆ ಒಂದು ತ್ಸುಬೊ ಎಂಬುದು ಈ ಚಳವಳಿಯ ಹೆಸರು. ಒಬ್ಬ ರೈತನನ್ನು ಒಪ್ಪಿಸಬಹುದು, ಹೆದರಿಸಬಹುದು. ಊರೂರಿನಲ್ಲಿ ಚದುರಿಹೋದ ನೂರಾರು ಪಾಲುದಾರರ ಸಹಿ ತರುವುದು ಯಾವ ಅಧಿಕಾರಿಯ ಕೈಲೂ ಆಗುವ ಕೆಲಸವಲ್ಲ. ಜಂಟಿ ಖಾತೆಯ ಜಮೀನಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಉಪಾಯದ ಬಲ ಥಟ್ಟನೆ ಹೊಳೆದೀತು.

ಹೀಗಾಗಿ ಟ್ಯಾಕ್ಸಿವೇ ಬಾಗಿತು. ಬಾಗಿದ ಒಳಗಿನ ನೆಲವನ್ನು ಅವರು ಶಾಂತಿ ಉದ್ಯಾನ ಎಂದು ಕರೆದರು. 'ಆತ್ಮರಕ್ಷಣಾ ಪಡೆ ಸಂವಿಧಾನಕ್ಕೆ ವಿರುದ್ಧ' ಎಂದು ದೊಡ್ಡಕ್ಷರದ ಫಲಕವನ್ನೂ ನಿಲ್ಲಿಸಿದರು. ಕಾಕ್‌ಪಿಟ್ಟಿನಲ್ಲಿ ಕೂತು ಆ ತಿರುವಿಗೆ ಬಂದ ಪೈಲಟ್ಟಿನ ಕಣ್ಣಿಗೆ ಬೀಳುವಂತೆ.

ಇನ್ನೊಂದು ತುಂಡು ಜಮೀನಿನ ಕಥೆ ಕೋರ್ಟಿಗೆ ಹೋಯಿತು. ಒಬ್ಬ ರೈತ ಮೊದಲು ನೆಲೆ ವಿರೋಧಿಗಳ ಕಡೆಯವರಿಗೆ ಜಮೀನು ಮಾರಿದ. ದುಡ್ಡು ಪೂರ್ತಿ ಬರಲಿಲ್ಲವೆಂದು ಕರಾರು ಮುರಿದು ಸರ್ಕಾರಕ್ಕೆ ಮಾರಿದ. ನೆಲ ಯಾರದು? ಸೇನೆಯನ್ನೇ ಇಟ್ಟುಕೊಳ್ಳಬಾರದ ಸರ್ಕಾರ ಸೇನಾ ನೆಲೆಗಾಗಿ ಮಾಡಿದ ಖರೀದಿಯೇ ಅಸಿಂಧು ಎಂಬುದು ವಿರೋಧಿಗಳ ವಾದ. 1958ರಲ್ಲಿ ಹೂಡಿದ ದಾವೆ. ಮಿತೊ ನಗರದ ಜಿಲ್ಲಾ ನ್ಯಾಯಾಲಯದ ತೀರ್ಪು ಬರುವಷ್ಟರಲ್ಲಿ 1977. ಹೈಕೋರ್ಟು 1981. ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿದ್ದು 1989ರ ಜೂನ್‌ನಲ್ಲಿ. ಮೂವತ್ತೊಂದು ವರ್ಷ! ಸಿವಿಲ್ ದಾವೆ ಹೂಡಿದವನು ಮೊಮ್ಮಗನಿಗೆ ತೀರ್ಪು ಬಿಟ್ಟುಹೋಗುತ್ತಾನೆ ಎಂಬ ಮಾತು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಸರ್ಕಾರ ಗೆದ್ದಿತು. ಗೆದ್ದ ಬಗೆಯೂ ಸ್ವಾರಸ್ಯವಾಗಿದೆ. ಸರ್ಕಾರ ಇಲ್ಲಿ ಮಾಮೂಲಿ ಖರೀದಿದಾರನ ಹಾಗೆ ಜಮೀನು ಕೊಂಡಿದೆ, ಖಾಸಗಿ ಕರಾರಿಗೆ ಒಂಬತ್ತನೆಯ ಕಲಮು ನೇರವಾಗಿ ಅನ್ವಯಿಸುವುದಿಲ್ಲ ಎಂದಿತು ನ್ಯಾಯಾಲಯ. ಹಾಗಾದರೆ ಆತ್ಮರಕ್ಷಣಾ ಪಡೆ ಸಂವಿಧಾನಕ್ಕೆ ಒಪ್ಪುತ್ತದೆಯೇ, ಇಲ್ಲವೇ? ಆ ಪ್ರಶ್ನೆಯನ್ನು ಮುಟ್ಟದೆ, ಬಳಸಿಕೊಂಡು ಮುಂದೆ ಹೋಯಿತು. ಟ್ಯಾಕ್ಸಿವೇ ಮಾಡಿದ್ದೂ ಅದನ್ನೇ.

ದಾವೆ ನಡೆಯುತ್ತಿದ್ದರೂ ಕಾಮಗಾರಿ ನಿಂತಿರಲಿಲ್ಲ. 1966ರಲ್ಲಿ ನೆಲೆ ತೆರೆಯಿತು. ಅದರ ಕೆಲಸ ಏನು? ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಐದು ನಿಮಿಷದೊಳಗೆ ಏಳುವುದು. ಗುರುತಿಲ್ಲದ ವಿಮಾನವೊಂದು ಜಪಾನಿನ ಕಡೆ ಬರುತ್ತಿದೆ ಎಂದು ರೇಡಾರು ತೋರಿಸಿದರೆ ಗಂಟೆ ಹೊಡೆಯುತ್ತದೆ. ಹಾರುವ ಉಡುಪಿನಲ್ಲೇ ಕೂತ ಪೈಲಟ್ಟುಗಳು ಕೈಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಕ್ಷಿಪಣಿ ತುಂಬಿಕೊಂಡು ನಿಂತ ವಿಮಾನ ಐದು ನಿಮಿಷದಲ್ಲಿ ಆಕಾಶದಲ್ಲಿರಬೇಕು. ಹಗಲೂ ಇರುಳೂ, ಹಬ್ಬದ ದಿನವೂ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಬಾಂಬರ್‌ಗಳು ಉತ್ತರದಿಂದ ಇಳಿದು, ಪೆಸಿಫಿಕ್ ಕರಾವಳಿಗುಂಟ ಟೋಕಿಯೋ ಕಡೆ ಬಂದು ಹೋಗುವುದು ಎಷ್ಟು ಮಾಮೂಲಾಗಿತ್ತೆಂದರೆ ಜಪಾನೀಯರು ಅದಕ್ಕೆ 'ಟೋಕಿಯೋ ಎಕ್ಸ್‌ಪ್ರೆಸ್' ಎಂದೇ ಹೆಸರಿಟ್ಟಿದ್ದರು. ರೈಲು ಬಂತು, ಏಳಿ ಎಂದ ಹಾಗೆ. ಹ್ಯಾಕುರಿಯ ವಿಮಾನಗಳು ಹೋಗಿ ಪಕ್ಕದಲ್ಲಿ ಹಾರಿ, ಫೋಟೋ ತೆಗೆದು, ಗಡಿಯಾಚೆ ದಾಟುವ ತನಕ ಕಾವಲು ನಿಂತು ಬರುತ್ತಿದ್ದವು. ಗುಂಡು ಹಾರಿಸದೆ ದಿನಾ ಮಾಡುವ ಕಾವಲು ಇದು. ಈಗ ಚೀನಾದ ವಿಮಾನಗಳ ಒತ್ತಡ ಹೆಚ್ಚಾಗಿ, 2016ರ ಆರ್ಥಿಕ ವರ್ಷದಲ್ಲಿ ಇಡೀ ಜಪಾನಿನಲ್ಲಿ 1,168 ಬಾರಿ ಹೀಗೆ ಎದ್ದುಹೋದದ್ದು ದಾಖಲೆ. ಅದರಲ್ಲಿ ಹೆಚ್ಚಿನ ಪಾಲು ದಕ್ಷಿಣದ ಓಕಿನಾವಾದ್ದು, ಹ್ಯಾಕುರಿಯದಲ್ಲ.

ಹ್ಯಾಕುರಿ ಎಂದರೆ ವಿಮಾನದ ಹುಚ್ಚಿರುವವರಿಗೆ ಮೊದಲು ನೆನಪಾಗುವುದು ಫ್ಯಾಂಟಮ್, ಎಫ್-4. ಜಪಾನಿನ ಮೊದಲ ಫ್ಯಾಂಟಮ್ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, 301ನೆಯದು, ಇಲ್ಲೇ ಹುಟ್ಟಿತು, 1973ರಲ್ಲಿ. ಅಮೆರಿಕದ ಈ ವಿಮಾನವನ್ನು ಕೊಳ್ಳುವಾಗಲೂ ಒಂಬತ್ತನೆಯ ಕಲಮು ಅಡ್ಡ ಬಂತು. ಬಾಂಬು ಹಾಕುವ ಸಾಮರ್ಥ್ಯವಿದ್ದರೆ ನೆರೆಯವರಿಗೆ ಬೆದರಿಕೆಯಾಗುತ್ತದೆ ಎಂದು ಸಂಸತ್ತಿನಲ್ಲಿ ಗಲಾಟೆಯಾಯಿತು. ಕೊನೆಗೆ ಬಾಂಬಿನ ಗುರಿ ಲೆಕ್ಕ ಹಾಕುವ ಉಪಕರಣವನ್ನು ಕಿತ್ತು, ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಅನುಕೂಲವನ್ನೂ ತೆಗೆದು ತರಿಸಿಕೊಂಡರು. ಹುಲಿ ಕೊಂಡು ಉಗುರು ಕತ್ತರಿಸಿದಂತೆ.

301ರ ಲಾಂಛನ ಏನು ಗೊತ್ತೇ? ಹದ್ದಲ್ಲ, ಸಿಂಹವಲ್ಲ, ಕಪ್ಪೆ. ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡ ಕಪ್ಪೆ. ಹತ್ತಿರದಲ್ಲೇ ತ್ಸುಕುಬಾ ಎಂಬ ಬೆಟ್ಟವಿದೆ. ಅಲ್ಲಿಯ ನೆಲಗಪ್ಪೆಯಿಂದ ಮಾಡಿದ ಮುಲಾಮು ಹಿಂದೆಲ್ಲ ಬಲು ಹೆಸರುವಾಸಿ. ಜಾತ್ರೆಯಲ್ಲಿ ನಿಂತು, ಕತ್ತಿ ಝಳಪಿಸಿ, ಉದ್ದುದ್ದ ಮಾತು ಹೊಡೆದು ಮಾರುತ್ತಿದ್ದರಂತೆ. ಸಂತೆಯಲ್ಲಿ ಹಾವಿನೆಣ್ಣೆ ಮಾರುವವರ ಸೋದರರು. ಆ ಊರಿನ ಕಪ್ಪೆ ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನದ ಬಾಲವೇರಿತು. ಸ್ಕ್ವಾಡ್ರನ್ 1985ರಲ್ಲಿ ಕ್ಯೂಷುವಿಗೆ ಹೋಯಿತು, ಕಪ್ಪೆಯೂ ಹೋಯಿತು. 2016ರಲ್ಲಿ ತವರಿಗೆ ಬಂತು. 2020ರ ಕೊನೆಗೆ ಫ್ಯಾಂಟಮ್‌ಗಳನ್ನು ಬೀಳ್ಕೊಟ್ಟು, ಹೊಸ ಎಫ್-35 ಹಾರಿಸಲು ಉತ್ತರದ ಮಿಸಾವಾಕ್ಕೆ ಮತ್ತೆ ಗಂಟುಮೂಟೆ ಕಟ್ಟಿತು. ಜಗತ್ತಿನಲ್ಲಿ ತಯಾರಾದ 5,195 ಫ್ಯಾಂಟಮ್‌ಗಳಲ್ಲಿ ಕಟ್ಟಕಡೆಯದು ಮಿತ್ಸುಬಿಷಿ ಕಾರ್ಖಾನೆಯಿಂದ 1981ರ ಮೇ ತಿಂಗಳಲ್ಲಿ ಹೊರಬಂತು. 440 ಎಂಬ ಸಂಖ್ಯೆಯ ಆ ವಿಮಾನವೂ ಹ್ಯಾಕುರಿಯಲ್ಲಿ ಕೊನೆಯ ದಿನಗಳವರೆಗೆ ದುಡಿಯಿತು.

ಇನ್ನು ಕರೆಯದೆ ಬಂದ ನೆಂಟನ ಕಥೆ.

1976ರ ಸೆಪ್ಟೆಂಬರ್ 6. ಸೋವಿಯತ್ ವಾಯುಪಡೆಯ ವಿಕ್ಟರ್ ಬೆಲೆಂಕೊ ಎಂಬ ತರುಣ ಅಧಿಕಾರಿ ತರಬೇತಿ ಹಾರಾಟದ ನಡುವೆ ಗುಂಪು ಬಿಟ್ಟು, ಸಮುದ್ರದ ನೆತ್ತಿ ಸವರುವಷ್ಟು ತಗ್ಗಿನಲ್ಲಿ ಹಾರಿ ಜಪಾನಿಗೆ ಬಂದುಬಿಟ್ಟ. ತಂದ ವಿಮಾನ ಮಿಗ್-25. ಆಗ ಪಶ್ಚಿಮದವರ ನಿದ್ದೆಗೆಡಿಸಿದ್ದ ವಿಮಾನ, ಹತ್ತಿರದಿಂದ ನೋಡಿದವರಿಲ್ಲ. ಉತ್ತರದ ಚಿತೋಸೆಯಿಂದ ಎದ್ದ ಫ್ಯಾಂಟಮ್‌ಗಳಿಗೆ ಅವನು ಸಿಗಲೇ ಇಲ್ಲ. ಕೆಳಗೆ ನೋಡುವಾಗ ಅವುಗಳ ರೇಡಾರಿಗೆ ಸಮುದ್ರವೂ ವಿಮಾನವೂ ಒಂದೇ ಆಗಿ ಕಾಣುತ್ತಿತ್ತು. ಹಾಕೊದಾತೆ ಎಂಬ ಊರಿನ ನಾಗರಿಕ ವಿಮಾನ ನಿಲ್ದಾಣದಲ್ಲಿ ಇಳಿದು, ರನ್‌ವೇ ಸಾಲದೆ ಆಚೆಯ ಮಣ್ಣಿಗೆ ನುಗ್ಗಿ ನಿಂತ. ಟ್ಯಾಂಕಿನಲ್ಲಿ ಇಂಧನ ತಳ ಕಂಡಿತ್ತು.

ವಿಮಾನ ಕೊಡಿ ಎಂದು ಸೋವಿಯತ್ತಿನ ಒತ್ತಾಯ. ನೋಡಬೇಕು ಎಂದು ಅಮೆರಿಕದ ಕುತೂಹಲ. ನಡುವೆ ಜಪಾನು. ರೆಕ್ಕೆ ಬಿಚ್ಚಿ, ಅಮೆರಿಕದ ದೈತ್ಯ ಗ್ಯಾಲಕ್ಸಿ ವಿಮಾನದ ಹೊಟ್ಟೆಯೊಳಗೆ ಸೇರಿಸಿ, ಸೆಪ್ಟೆಂಬರ್ 25ರಂದು ಮಿಗ್ಗನ್ನು ತಂದದ್ದು ಹ್ಯಾಕುರಿಗೆ. ಮುಚ್ಚಿದ ನೆಲೆ, ಟೋಕಿಯೋಗೆ ಹತ್ತಿರ, ಹಡಗುಕಟ್ಟೆಯೂ ಹತ್ತಿರ.

ಹ್ಯಾಕುರಿಯ ಹ್ಯಾಂಗರಿನಲ್ಲಿ ತಜ್ಞರು ಅದನ್ನು ಬಿಚ್ಚಿ ನೋಡಿದಾಗ ಕಂಡದ್ದು ಬೇರೆಯೇ. ಟೈಟಾನಿಯಂ ಇರಬೇಕು ಅಂದುಕೊಂಡಿದ್ದ ಮೈ ಬಹುಪಾಲು ನಿಕ್ಕಲ್ ಬೆರೆಸಿದ ಉಕ್ಕು. ರೇಡಾರಿನೊಳಗೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ನಿರ್ವಾತ ಕೊಳವೆಗಳು! ನಮ್ಮ ಹಿರಿಯ ಕೇಳುಗರಿಗೆ ನೆನಪಿರಬಹುದು, ವಾಲ್ವ್ ಸೆಟ್ಟು ಎನ್ನುತ್ತಿದ್ದೆವು, ಬಿಸಿಯಾದ ಮೇಲೆ ಮಾತಾಡುತ್ತಿತ್ತು. ನಕ್ಕವರೂ ಇದ್ದರು. ಆದರೆ ಆ ಕೊಳವೆಗಳ ರೇಡಾರಿಗೆ ಎದುರಿನವರ ಜ್ಯಾಮಿಂಗನ್ನು, ಅಂದರೆ ರೇಡಾರಿನ ಕಣ್ಣು ಕಟ್ಟಲು ಬಿಡುವ ಅಲೆಗಳನ್ನು, ಸುಟ್ಟುಕೊಂಡು ಹೋಗುವಷ್ಟು ಶಕ್ತಿಯಿತ್ತು. ನೇರಕ್ಕೆ, ಎತ್ತರಕ್ಕೆ, ವೇಗವಾಗಿ ಹಾರಲೆಂದೇ ಮಾಡಿದ ಭಾರದ ವಿಮಾನ. ಬಾಗಿ ಬಳುಕಿ ಕಾದಾಡುವುದಕ್ಕಲ್ಲ. ಇದೇ ಜಾತಿಯ ವಿಮಾನವನ್ನು ಮುಂದೆ ಭಾರತವೂ ತರಿಸಿಕೊಂಡು, 1981ರಿಂದ 2006ರವರೆಗೆ ಬರೇಲಿಯಿಂದ ಬೇಹಿನ ಚಿತ್ರಗಳಿಗಾಗಿ ಹಾರಿಸಿತು.

ನೋಡುವುದೆಲ್ಲ ಮುಗಿದ ಮೇಲೆ ಮಿಗ್ಗನ್ನು 30 ಪೆಟ್ಟಿಗೆಗಳಲ್ಲಿ ತುಂಬಿ, ನವೆಂಬರ್ 15ರಂದು ಹಿತಾಚಿ ಬಂದರಿನಿಂದ ಸೋವಿಯತ್ ಹಡಗಿಗೆ ಏರಿಸಿದರು. ಸಾಗಣೆಯ ಖರ್ಚು ಕೊಡಿ ಎಂದು ಬಿಲ್ಲನ್ನೂ ಕಳಿಸಿದರು. ನೆಂಟನ ಊಟದ ಲೆಕ್ಕ!

ಹ್ಯಾಕುರಿಯಲ್ಲಿ ಇನ್ನೊಂದು ಬಗೆಯ ಫ್ಯಾಂಟಮ್ ಇತ್ತು. ಅದರ ಮೂತಿಯಲ್ಲಿ ಇದ್ದದ್ದು ಫಿರಂಗಿಯಲ್ಲ, ಕ್ಯಾಮೆರಾ. 501ನೆಯ ವಿಚಕ್ಷಣಾ ಸ್ಕ್ವಾಡ್ರನ್ನಿನ ವಿಮಾನಗಳವು. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಇವು ಹಾಳಾದ ಕರಾವಳಿಯ ಮೇಲೆ ಹಾರಿ ಚಿತ್ರ ತೆಗೆದವು. ಡಿಜಿಟಲ್ ಯುಗದಲ್ಲೂ ಅವುಗಳಲ್ಲಿ ಫಿಲ್ಮ್ ಸುರುಳಿ. ಕೆಳಗಿಳಿಸಿ, ಕತ್ತಲ ಕೋಣೆಯಲ್ಲಿ ತೊಳೆದು, ಆಮೇಲೆ ನೋಡಬೇಕು ಯಾವ ಊರು ಉಳಿದಿದೆ, ಯಾವುದು ಇಲ್ಲ ಎಂದು. 2020ರಲ್ಲಿ ಆ ಸ್ಕ್ವಾಡ್ರನ್ನನ್ನು ವಿಸರ್ಜಿಸಿದರು. ನೆಲೆಯ ಹೆಲಿಕಾಪ್ಟರ್ ರಕ್ಷಣಾ ತಂಡ ಈಗಲೂ ಇದೆ. 2015ರ ಸೆಪ್ಟೆಂಬರಿನಲ್ಲಿ ಕಿನು ನದಿ ಏರಿ ಒಡೆದು ಜೋಸೊ ಪಟ್ಟಣ ಮುಳುಗಿದಾಗ ಜನ ಆಕಾಶದತ್ತ ಕೈಬೀಸಿದ್ದು ಇಂಥ ಹೆಲಿಕಾಪ್ಟರುಗಳಿಗೇ.

ಆ ಭೂಕಂಪದ ದಿನಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2010ರ ಮಾರ್ಚ್ 11ರಂದು, ಹ್ಯಾಕುರಿಯ ಇನ್ನೊಂದು ಬದಿಯಲ್ಲಿ ಇಬರಾಕಿ ವಿಮಾನ ನಿಲ್ದಾಣ ತೆರೆದಿತ್ತು. ಅದಕ್ಕಾಗಿಯೇ ಹಳೆಯ ರನ್‌ವೇ ಪಕ್ಕದಲ್ಲಿ 2,700 ಮೀಟರಿನ ಎರಡನೆಯದನ್ನು ಹಾಕಿದರು. ಮೊದಲ ಹುಟ್ಟುಹಬ್ಬದ ದಿನವೇ ಭೂಮಿ ನಡುಗಿ ಹೊಚ್ಚ ಹೊಸ ಟರ್ಮಿನಲ್ಲಿನ ಚಾವಣಿ ಕಳಚಿ ಬಿತ್ತು. ದುಂದುವೆಚ್ಚ ಎಂದು ಟೀಕೆ ಕೇಳಿದ ನಿಲ್ದಾಣ ಅದು. ಅಗ್ಗದ ಟಿಕೆಟ್ಟಿನ ಕಂಪನಿಗಳಿಗೆಂದೇ ಕಟ್ಟಿದ್ದರಿಂದ ಸುರಂಗದಂಥ ಸೇತುವೆ ಇಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೋದ ಹಾಗೆ ನಡೆದುಹೋಗಿ ಮೆಟ್ಟಿಲು ಹತ್ತಬೇಕು. ಮೇಲಿನ ವೀಕ್ಷಣಾ ಕೋಣೆಯಲ್ಲಿ ಒಂದು ಚಮತ್ಕಾರವಿದೆ. ಗಾಜಿಗೆ ಎದುರಾಗಿ ನಿಂತರೆ ರನ್‌ವೇ ಸ್ವಚ್ಛವಾಗಿ ಕಾಣುತ್ತದೆ. ಕುತ್ತಿಗೆ ಓರೆ ಮಾಡಿ ಯುದ್ಧವಿಮಾನಗಳ ಕಡೆ ನೋಡಲು ಹೋದರೆ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಹೊರಗೆ ಉದ್ಯಾನದಲ್ಲಿ ಮಾತ್ರ ನಿವೃತ್ತ ಫ್ಯಾಂಟಮ್‌ಗಳನ್ನು ನಿಲ್ಲಿಸಿದ್ದಾರೆ. ಮಕ್ಕಳು ಅವುಗಳ ಹೊಟ್ಟೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನಮಗೂ ಹ್ಯಾಕುರಿಗೂ ನಂಟು ಬೆಳೆದದ್ದು ಇತ್ತೀಚೆಗೆ, 2023ರ ಜನವರಿಯಲ್ಲಿ. 'ವೀರ್ ಗಾರ್ಡಿಯನ್' ಎಂಬ ಹೆಸರಿನಲ್ಲಿ ಭಾರತ, ಜಪಾನ್ ಯುದ್ಧವಿಮಾನಗಳು ಮೊದಲ ಬಾರಿಗೆ ಜೊತೆಯಾಗಿ ಅಭ್ಯಾಸ ಮಾಡಿದವು. ನಮ್ಮ ನಾಲ್ಕು ಸುಖೋಯ್-30ಗಳು ಹ್ಯಾಕುರಿಯಲ್ಲಿ ಇಳಿದವು. ಎದುರಿಗೆ ಅವರ ಎಫ್-2, ಎಫ್-15. ಎಫ್-2 ಎಂದರೆ 2020ರಲ್ಲಿ ಮಿಸಾವಾದಿಂದ ಇಲ್ಲಿಗೆ ಬಂದ ಮೂರನೆಯ ಸ್ಕ್ವಾಡ್ರನ್ನಿನದು, ಸಮುದ್ರದ ನೀಲಿ ಬಳಿದುಕೊಂಡು ಹಡಗುಗಳನ್ನು ಬೇಟೆಯಾಡಲು ಮಾಡಿದ ವಿಮಾನ. ಜಪಾನೀಯರಿಗೆ ಈ ಅಭ್ಯಾಸದ ಬೆಲೆ ಬೇರೆಯೇ ಇತ್ತು. ಅವರ ನೆರೆಯ ರಷ್ಯ, ಚೀನಾ ಎರಡೂ ಸುಖೋಯ್ ವಂಶದ ವಿಮಾನಗಳನ್ನೇ ಹಾರಿಸುತ್ತವೆ. ದೂರದಿಂದ ಫೋಟೋದಲ್ಲಿ ನೋಡುತ್ತಿದ್ದ ವಿಮಾನ ಈಗ ಸ್ನೇಹಿತನ ಕೈಯಲ್ಲಿ, ತಮ್ಮದೇ ಅಂಗಳದಲ್ಲಿ.

ಆ ತಂಡದಲ್ಲಿ ಅವನಿ ಚತುರ್ವೇದಿ ಇದ್ದರು. ಭಾರತದ ಮೊದಲ ಮೂವರು ಯುದ್ಧವಿಮಾನ ಪೈಲಟ್ ಹೆಣ್ಣುಮಕ್ಕಳಲ್ಲಿ ಒಬ್ಬರು. ಹೊರದೇಶದ ಸಮರಾಭ್ಯಾಸದಲ್ಲಿ ಹಾರಿದ ಮೊದಲ ಭಾರತೀಯ ಮಹಿಳಾ ಯುದ್ಧವಿಮಾನ ಪೈಲಟ್. ಹಾಕ್ ಜೆಟ್ಟಿನಲ್ಲಿ ಅವರು ಕೈ ಪಳಗಿಸಿಕೊಂಡದ್ದು ನಮ್ಮ ಬೀದರ್ ವಾಯುನೆಲೆಯಲ್ಲಿ. ಬೀದರಿನ ಕೆಂಪು ಮಣ್ಣಿನ ಮೇಲೆ ಕಲಿತ ವಿದ್ಯೆ ಹ್ಯಾಕುರಿಯ ಚಳಿಯಲ್ಲಿ ಕೆಲಸಕ್ಕೆ ಬಂತು.

ಹ್ಯಾಕುರಿಯ ಅದೇ ಚಳಿಗೆ ಸೇರಿದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಟ್ಯಾಕ್ಸಿವೇ ಬಾಗಿದ ಆ ತುಂಡು ನೆಲದಲ್ಲಿ ಗುಡಿಯಿದೆ ಎಂದೆನಲ್ಲ, ಅದು ಇನಾರಿ ದೇವರದು, ಬೆಳೆ ಕೊಡುವ ದೇವರು, ನರಿ ಅವನ ದೂತ. ಫೆಬ್ರವರಿಯಲ್ಲಿ ಅಲ್ಲಿ ವರ್ಷಕ್ಕೊಂದು ಹಬ್ಬ ನಡೆದುಕೊಂಡು ಬಂದಿದೆ. ಎರಡೂ ಕಡೆ ಬೇಲಿ ಹಾಕಿದ ಓಣಿಯಲ್ಲಿ ಜನ ಸಾಲಾಗಿ ಬರುತ್ತಾರೆ. ಹೊಲವನ್ನು ಬಿಟ್ಟುಕೊಡದವರ ತಲೆಮಾರಿನಲ್ಲಿ ಉಳಿದವರು ಕಡಿಮೆ. ಬಂದವರಲ್ಲಿ ಮಕ್ಕಳು, ಮೊಮ್ಮಕ್ಕಳು, ದೂರದ ಊರಿನ ಪಾಲುದಾರರು. ಬೇಲಿಯಾಚೆ ನೀಲಿ ಬಣ್ಣದ ಎಫ್-2 ಒಂದು ಉರುಳಿಕೊಂಡು ಬಂತೆಂದರೆ, ಅದೂ ಆ ತಿರುವಿಗೆ ಬಂದಾಗ ವೇಗ ಇಳಿಸಿ, ಮೂತಿ ತಿರುಗಿಸಿ, ಗುಡಿಯನ್ನು ಬಳಸಿಕೊಂಡೇ ರನ್‌ವೇಗೆ ಹೋಗಬೇಕು.

ನಮಸ್ಕಾರ.